ಖಾಲಿ ಗೂಟ

ತೊಯ್ದ ಕಂಬಳಿಗೆ ಅದರದೇ ಒಂದು ವಾಸನೆ ಇದೆ. ಕುರಿಯ ಮೈಯ ಜಿಡ್ಡು, ಒಲೆಯ ಹೊಗೆ, ಹೊದ್ದವನ ಬೆವರು, ಹೊಸ ಮಳೆಯ ಮಣ್ಣು ಎಲ್ಲ ಕೂಡಿದ ಆ ಕಮಟು ಮೂಗಿಗೆ ಬಿದ್ದರೆ ನಾನು ಎಲ್ಲಿ ಕೂತಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಹೋದ ಮಳೆಗಾಲದಲ್ಲಿ ತಮ್ಮ ನಿಂಗಪ್ಪನ ದಿನಕರ್ಮಕ್ಕೆಂದು ವಿಜಾಪುರದಿಂದ ತವರಿಗೆ ಹೋಗಿದ್ದೆ. ಕುರಿಗಾರ ಬೀರಪ್ಪನ ಮೊಮ್ಮಗ ಮಳೆಯಲ್ಲೇ ನಡೆದು ಬಂದು, ಮೈಮೇಲಿನ ಕಂಬಳಿ ತೆಗೆದು ಪಡಸಾಲೆಯ ಮೊಳೆಗೆ ಹಾಕಿ, ಕೈಮುಗಿದು ಕೂತ. ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ವಾಸನೆ ಪಡಸಾಲೆ ತುಂಬ ಹರಡಿತು. ಅಲ್ಲಿ ಸೇರಿದ್ದ ಮಂದಿ ನಿಂಗೂನ ಮಾತಾಡುತ್ತ ಆಡುತ್ತ ಒಂದು ನಾಯಿಯ ಮಾತಿಗೆ ಬಂದರು, ನಾಯಿಯ ಮಾತಿನಿಂದ ನನ್ನ ಮಾತಿಗೆ ಬಂದು ನನ್ನನ್ನು ಹೊಗಳಿದರು. ನಾನು ತಲೆತಗ್ಗಿಸಿ ಕೂತೆ. ಅವರು ಅದನ್ನು ದುಃಖ ಎಂದುಕೊಂಡರು. ಆ ನಾಯಿ ಸತ್ತದ್ದು ನನ್ನಿಂದ. ನಿಂಗೂ ಬದುಕಿರುವ ತನಕ ಇದನ್ನು ಅವನಿಗೆ ಹೇಳಲಿಲ್ಲ. ನಾನು ಸಾಲೆ ಕಲಿತದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ. ಬರೆದು ರೂಢಿಯಿಲ್ಲ. ಆದರೂ ಬಾಯಿಂದ ಬಾರದ್ದು ಕೈಯಿಂದ ಬಂದೀತು ಎಂದು ಬರೆಯಲು ಕೂತಿದ್ದೇನೆ.

ನಮ್ಮ ವಸ್ತಿ ತಿಕೋಟಾ ಮತ್ತು ಬಬಲೇಶ್ವರಗಳ ನಡುವೆ, ಡೋಣಿ ಹೊಳೆಯ ಈಚೆ ದಂಡೆಗೆ ಒಂದು ಕೂಗಳತೆ ದೂರದಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ದನಗಳೂ ನಾವೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದೆವು. ಬಾಗಿಲು ದಾಟಿದರೆ ಮೊದಲು ದನದ ಮನೆ, ಅದಕ್ಕಿಂತ ಎದೆಯೆತ್ತರ ಮೇಲೆ ಕಟ್ಟೆ, ಕಟ್ಟೆಯ ಮೇಲೆ ನಾವು. ಕಟ್ಟೆಯ ಅಂಚಿಗೆ ಅಪ್ಪನ ತಾಯಿ, ನಮ್ಮ ಆಯಿ, ಮಲಗುತ್ತಿದ್ದಳು. ಎತ್ತು ಮೆಲುಕು ಹಾಕುವ ಸದ್ದು ನಿಂತರೆ ಆಕೆಗೆ ಎಚ್ಚರವಾಗುತ್ತಿತ್ತು. ನಿಮ್ಮಲ್ಲಿ ಯಾರಾದರೂ ಹಾಗೆ ದನಗಳ ಜೊತೆಗೆ ಬೆಳೆದಿದ್ದರೆ ಆ ರಾತ್ರಿಗಳ ಬೆಚ್ಚಗಿನ ಉಸಿರು, ಗಂಜಲದ ಘಾಟು, ಜೋಳದ ಒಣ ಕಣಕಿ ಮುರಿಯುವ ಸದ್ದು ನಿಮಗೆ ಹೇಳಬೇಕಾಗಿಲ್ಲ. ದನದ ಮನೆಯಲ್ಲಿ ಜಾಲಿ ಕಟ್ಟಿಗೆಯ ಗೂಟಗಳಿದ್ದವು. ಹಗ್ಗ ತಿಕ್ಕಿ ತಿಕ್ಕಿ ಅವು ನುಣುಪಾಗಿ ಹೊಳೆಯುತ್ತಿದ್ದವು. ಬಾಗಿಲ ಬಳಿ ಎತ್ತುಗಳ ಗೂಟ, ಆಮೇಲೆ ಆಕಳುಗಳದು, ಆಮೇಲೆ ಎಮ್ಮೆ ಮತ್ತು ಕರುಗಳದು, ಎಲ್ಲಕ್ಕಿಂತ ಒಳಗೆ, ಹಗಲಿನಲ್ಲೂ ಕಣ್ಣು ಹೊಂದಿಸಿ ನೋಡಬೇಕಾದ ಮೂಲೆಯಲ್ಲಿ, ಚಂದ್ರಿಯ ಗೂಟ. ಚಂದ್ರಿ ಎಂದರೆ ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ನಮ್ಮ ಮಣಕ, ಇನ್ನೂ ಗಬ್ಬ ನಿಲ್ಲದ ಎಳೆಯ ಆಕಳು. ಅವ್ವ ಅದರ ಮೇಲೆ ಬಹಳ ಆಸೆ ಇಟ್ಟಿದ್ದಳು. ಅದಕ್ಕೆ ಎರಡು ಚಟ. ಕೊರಳಿನ ಕಣ್ಣಿ ಜಾರಿಸಿಕೊಂಡು ತಿರುಗಲು ಹೋಗುವುದು ಒಂದು, ಹೊಳೆದಂಡೆಯ ಉಪ್ಪು ನೆಕ್ಕುತ್ತ ಹಿಂದೆ ಉಳಿಯುವುದು ಇನ್ನೊಂದು. ಡೋಣಿಯ ನೀರು ಉಪ್ಪು. ಬಿಸಿಲಿಗೆ ದಂಡೆಯ ಕರಿಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತಿತ್ತು. ಎಲ್ಲ ದನಗಳೂ ಅದನ್ನು ನೆಕ್ಕುತ್ತಿದ್ದವು, ಚಂದ್ರಿಗೆ ಮಾತ್ರ ಅದನ್ನು ಬಿಟ್ಟು ಏಳಲು ಮನಸ್ಸು ಬರುತ್ತಿರಲಿಲ್ಲ.

ಬೀರಪ್ಪ ಬೇಸಿಗೆಯಲ್ಲಿ ಕುರಿ ಹಿಂಡನ್ನು ನಮ್ಮ ಹೊಲದಲ್ಲಿ ತರುಬುತ್ತಿದ್ದ. ರಾತ್ರಿಯೆಲ್ಲ ಕುರಿ ಹೊಲದಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಅವನಿಗೆ ಜೋಳ ಮತ್ತು ಎರಡು ಹೊತ್ತಿನ ರೊಟ್ಟಿ. ಯುದ್ಧದ ಕಾಲ ಅದು. ರೋಹಿಣಿ ಮಳೆ ಬಿದ್ದ ಒಂದು ಸಂಜೆ ಹಿಂಡು ಎಬ್ಬಿಸಿಕೊಂಡು ಹೊರಟವನು ನಮ್ಮ ಬಾಗಿಲಿಗೆ ಬಂದು, ತೊಯ್ದ ಕಂಬಳಿಯ ಕೊಪ್ಪೆಯೊಳಗಿನಿಂದ ಒಂದು ನಾಯಿಮರಿಯನ್ನು ತೆಗೆದು ಕಟ್ಟೆಯ ಮೇಲೆ ಇಟ್ಟ. ಬಿಳಿಯ ಮೈಗೆ ಕರಿಯ ಪಟ್ಟೆ, ಒಂದು ಕಿವಿ ನಿಂತು ಒಂದು ಕಿವಿ ಮಡಿಚಿಕೊಂಡ, ಕಂಬಳಿಯ ವಾಸನೆಯನ್ನೇ ಹೊತ್ತ ಒಂದು ಹಿಡಿ ಜೀವ. "ತಗೋ ನಿಂಗಪ್ಪ ಗೌಡಾ, ನಿನ್ನ ಪಾಲಿಗೆ ಬಂದೈತಿ. ಇದರವ್ವ ತೋಳದ ಕುತಿಗಿ ಹಿಡದಾಕಿ. ಆದ್ರ ಇದಕ್ಕ ಬರೇ ಹಾಲ ಹಾಕಿ ಕುಂಡ್ರಸಬ್ಯಾಡ, ಕೆಲಸಾ ಹಾಕು. ಕೆಲಸ ಇಲ್ಲಂದ್ರ ನಿಮ್ಮ ಮನೀನ ಕಡದ ತಿಂತೈತಿ" ಎಂದ. ನಿಂಗೂ ಆಗ ಹತ್ತರ ಹುಡುಗ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಗೌಡಾ ಎಂದದ್ದಕ್ಕೇ ಅರ್ಧ ಉಬ್ಬಿಹೋಗಿದ್ದ. ಎರಡು ಬಣ್ಣದ ದನಕ್ಕೆ ನಮ್ಮಲ್ಲಿ ಹಂಡ ಎನ್ನುತ್ತಾರೆ, ಮೈಯ ಪಟ್ಟೆ ನೋಡಿ ಮರಿಗೆ ಹಂಡ್ಯಾ ಎಂದು ಹೆಸರಿಟ್ಟ.

ಬೀರಪ್ಪನ ಮಾತು ಸುಳ್ಳಾಗಲಿಲ್ಲ. ಮೊದಲ ವಾರದಲ್ಲೇ ಹಂಡ್ಯಾ ಅಪ್ಪನ ಕಾಲ್ಮರಿಯ ಅಟ್ಟೆ ತಿಂದಿತು, ಬುಟ್ಟಿಯ ಅಂಚು ಕಡಿಯಿತು, ಆಯಿಯ ಎಲೆ ಅಡಿಕೆಯ ಚೀಲವನ್ನು ಬಣಿವೆಯ ಹಿಂದೆ ಒಯ್ದು ಹರಡಿಕೊಂಡು ಕೂತಿತು. "ನಾಯಿ ತಂದಾರೋ ಅಳಿಯನ್ನ ತಂದಾರೋ! ಇವಂಗ ಎಲಿ ಅಡಿಕಿ ಬ್ಯಾರೆ ಬೇಕಂತ" ಎಂದು ಆಯಿ ಓಣಿಗೆಲ್ಲ ಕೇಳುವಂತೆ ಬೈದಳು. ಆಮೇಲೆ ನಿಂಗೂ ಅದನ್ನು ದನಗಳ ಹಿಂದೆ ಒಯ್ಯತೊಡಗಿದ. ಕಲಿಸಿದ್ದು ಎರಡೇ ಮಾತು. ತಿರುವು ಎಂದರೆ ಚೆದುರಿದ ದನವನ್ನು ಹೊರಳಿಸಿ ತರಬೇಕು, ತರುಬು ಎಂದರೆ ಇದ್ದಲ್ಲೇ ಅಡ್ಡ ನಿಂತು ತಡೆಯಬೇಕು. ನಿಜ ಹೇಳಬೇಕೆಂದರೆ ಅದಕ್ಕೆ ಕಲಿಸುವ ಕೆಲಸ ಹೆಚ್ಚು ಇರಲಿಲ್ಲ, ನಿಲ್ಲಿಸುವ ಕೆಲಸವೇ ಹೆಚ್ಚು. ದನ ಸಿಗದಿದ್ದರೆ ಕೋಳಿಗಳನ್ನು ತಿರುವಿ ಮೂಲೆಗೆ ಹಾಕುತ್ತಿತ್ತು. ಸಂಜೆ ಆಯಿ ಹೊಲದ ಬದುವಿಗೆ ಕಾಯಿಪಲ್ಲೆ ಹರಿಯಲು ಹೋದರೆ ಹಿಂದಿನಿಂದ ಹೋಗಿ ಆಕೆಯ ಮೀನಖಂಡಕ್ಕೆ ಮೂಗು ಹಚ್ಚಿ ಹಚ್ಚಿ ಮನೆಗೆ ಅಟ್ಟಿಕೊಂಡು ಬರುತ್ತಿತ್ತು. "ನಾ ಏನ ನಿಮ್ಮ ಎಮ್ಮಿ ಏನಲೇ? ಹೊತ್ತ ಮುಣಗತಂದ್ರ ನನ್ನೂ ಹೊಡಕೊಂಡ ಬರತೈತಿ" ಎಂದು ಆಕೆ ದೂರುವಾಗ ಅಪ್ಪ ಮೀಸೆಯಲ್ಲೇ ನಗುತ್ತಿದ್ದ.

ಒಂದು ಸಲ ಬಬಲೇಶ್ವರದ ಸಂತೆಗೆ ಅಪ್ಪನ ಜೊತೆ ನಾವಿಬ್ಬರೂ ಹೋಗಿದ್ದೆವು. ಬರಬೇಡ ಎಂದು ಕಲ್ಲು ತೋರಿಸಿದರೂ ಹಂಡ್ಯಾ ಗಾಡಿಯ ನೆರಳಿನಲ್ಲಿ ನಡೆದು ಬಂದೇ ಬಂದಿತು. ಅಪ್ಪ ಹಗ್ಗದ ಅಂಗಡಿಯ ಮುಂದೆ ಚೌಕಾಸಿ ಮಾಡುತ್ತಿದ್ದ. ಅಷ್ಟರಲ್ಲಿ ಸಂತೆಯ ಆ ತುದಿಯಿಂದ ಬೈಗುಳ ಕೇಳಿಸಿತು. ನೋಡಿದರೆ ಹಂಡ್ಯಾ, ಬೇರೆ ಬೇರೆ ವ್ಯಾಪಾರಿಗಳು ಬೇರೆ ಬೇರೆ ಕಡೆ ಬಿಟ್ಟುಕೊಂಡಿದ್ದ ಆಡುಗಳನ್ನೆಲ್ಲ ಸುತ್ತು ಹಾಕಿ ಸುತ್ತು ಹಾಕಿ, ಬಳೆ ಮಾರುವವಳ ಮುಂದಿನ ಬಯಲಿನಲ್ಲಿ ಒಂದೇ ಹಿಂಡು ಮಾಡಿ ನಿಲ್ಲಿಸಿಬಿಟ್ಟಿತ್ತು. ತಾನು ಮುಂದೆ ಕೂತು ನಾಲಿಗೆ ಚಾಚಿ, ಮುಂದೇನು ಎಂಬಂತೆ ಮಂದಿಯ ಮುಖ ನೋಡುತ್ತಿತ್ತು. "ಯಾರದಲೇ ಈ ನಾಯಿ? ನನ್ನ ಆಡು ಯಾವು, ಈತನ ಆಡು ಯಾವು, ಹ್ಯಾಂಗ ಗುರ್ತ ಹಿಡೀಲಿ ಈಗ?" ಎಂದು ಒಬ್ಬ ವ್ಯಾಪಾರಿ ತಲೆ ಚಚ್ಚಿಕೊಂಡ. ಅಪ್ಪ ನಾಯಿಯನ್ನು ಹುಟ್ಟಿದಾರಭ್ಯ ಕಂಡಿಲ್ಲ ಎಂಬಂತೆ ಹಗ್ಗದ ಎಳೆ ಎಣಿಸುತ್ತ ನಿಂತ. ನಿಂಗೂ ಮಾತ್ರ ಮುಂದೆ ಹೋಗಿ, "ನಮ್ಮದ್ರಿ ಕಾಕಾ. ಚೆಲ್ಲಾಪಿಲ್ಲಿ ಇದ್ದದ್ದ ಅದಕ್ಕ ನೋಡಾಕ ಆಗೂದಿಲ್ರಿ" ಎಂದ. ಬಳೆ ಮಾರುವವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಆ ವ್ಯಾಪಾರಿಯೂ ನಕ್ಕ, ನಕ್ಕಮೇಲೆ ಮತ್ತೆ ಬೈದ.

ಆ ಮಾತು ನಿಜ. ಚೆಲ್ಲಾಪಿಲ್ಲಿ ಇದ್ದದ್ದನ್ನು ಹಂಡ್ಯಾ ಸಹಿಸುತ್ತಿರಲಿಲ್ಲ. ಸಂಜೆ ದನಗಳು ಬಂದು, ಕಣ್ಣಿ ಬಿಗಿದು, ಗೋದಲಿಗೆ ಮೇವು ಹಾಕಿಯಾದಮೇಲೆ ಅದು ಬಾಗಿಲಿನಿಂದ ಒಳಗಿನ ಮೂಲೆಯವರೆಗೆ ಒಂದೊಂದೇ ಗೂಟವನ್ನು ಮೂಸುತ್ತ ಹೋಗುತ್ತಿತ್ತು. ಎತ್ತುಗಳ ಗೂಟ, ಆಕಳುಗಳ ಗೂಟ, ಎಮ್ಮೆಯ ಗೂಟ, ಕರುಗಳ ಗೂಟ, ಕೊನೆಗೆ ಚಂದ್ರಿಯ ಗೂಟ. ಎಲ್ಲ ಸರಿಯಿದ್ದರೆ ತಿರುಗಿ ಬಂದು ಹೊಸ್ತಿಲಿಗೆ ಅಡ್ಡ ಮಲಗಿ ಒಂದು ದೊಡ್ಡ ಉಸಿರು ಬಿಡುತ್ತಿತ್ತು. ಆಗಲೇ ಆಯಿ, "ಹಂಡ್ಯಾ ಮಲಗಿದ, ಬಾಗಲಾ ಹಾಕ್ರಿ" ಎನ್ನುತ್ತಿದ್ದಳು. ಚಿಮಣಿ ಎಣ್ಣೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ದನದ ಮನೆಗೆ ಕಂದೀಲು ತರುವ ರೂಢಿಯನ್ನೇ ಬಿಟ್ಟಿದ್ದೆವು. ನಾಯಿ ಮಲಗಿದರೆ ದನ ಎಲ್ಲ ಬಂದಿವೆ ಎಂದು ಅರ್ಥ. ಒಂದು ಗೂಟ ಖಾಲಿಯಿದ್ದರೆ ಮಾತ್ರ ಅಲ್ಲೇ ನಿಂತು ಬೊಗಳುತ್ತಿತ್ತು, ಯಾರಾದರೂ ಹೋಗಿ ಆ ದನವನ್ನು ತರುವ ತನಕ ಬಿಡುತ್ತಿರಲಿಲ್ಲ. ಇನ್ನೊಂದು ಗುಣ ಇತ್ತು. ದನ ಮೇಯಿಸುವ ಮಡ್ಡಿ, ಅಂದರೆ ಬರಡು ದಿಬ್ಬ, ಡೋಣಿಯ ಆಚೆ. ದಿನಾ ಮೊಳಕಾಲುಮಟ್ಟದ ನೀರು ದಾಟಿಸಿ ಒಯ್ಯಬೇಕು. ನೀರು ಸ್ವಲ್ಪ ಏರಿದ ದಿನ ಹಂಡ್ಯಾ ಕರುಗಳ ಕೆಳಬದಿಗೆ, ಅಂದರೆ ನೀರು ಹರಿದು ಹೋಗುವ ಬದಿಗೆ, ಈಜುತ್ತ ಬರುತ್ತಿತ್ತು. ಕರು ಜಾರಿದರೆ ಅದರ ಮೈಗೆ ತನ್ನ ಮೈ ಆನಿಸಿ ಎತ್ತಿ ಹಿಡಿಯುತ್ತಿತ್ತು. ಇದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ.

ಇಷ್ಟೆಲ್ಲ ನಾನು ಕಂಡದ್ದು ಹೇಗೆಂದರೆ ನಾನೂ ಆಗಾಗ ದನ ಕಾಯಲು ಹೋಗುತ್ತಿದ್ದೆ. ನನ್ನನ್ನು ಸಾಲೆ ಬಿಡಿಸಿ ಆಗಲೇ ಮೂರು ನಾಲ್ಕು ವರ್ಷವಾಗಿತ್ತು. ಬೀಸುವುದು, ರೊಟ್ಟಿ ಬಡಿಯುವುದು, ಹೆಂಡಿ ಬಳಿದು ನೆಲ ಸಾರಿಸುವುದು, ಇಷ್ಟೇ ನನ್ನ ದಿನ. ನಿಂಗೂ ಹಂಡ್ಯಾನ ಸಾಹಸಗಳನ್ನು ಹೊತ್ತು ತಂದು ಊಟದ ಹೊತ್ತಿಗೆ ಹೇಳುವಾಗ, ಉಡ ಹಿಡಿದದ್ದು, ಮುಳ್ಳುಹಂದಿಯ ಹಿಂದೆ ಹೋಗಿ ಮೂಗಿಗೆ ಮುಳ್ಳು ಚುಚ್ಚಿಸಿಕೊಂಡದ್ದು, ಹುಲ್ಲೆಯ ಹಿಂಡನ್ನೂ ಆಕಳೆಂದು ತಿಳಿದು ತಿರುವಲು ಹೋದದ್ದು, ನನಗೆ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಅವ್ವನನ್ನು ಕಾಡಿ ಬೇಡಿ ತಿಂಗಳಿಗೆ ಒಮ್ಮೆಯೋ ಎರಡು ಸಲವೋ ಅವರ ಜೊತೆ ಮಡ್ಡಿಗೆ ಹೋಗುತ್ತಿದ್ದೆ. ಮಡ್ಡಿಯ ಮೇಲೆ ಗಾಳಿಗೆ ತಡೆಯಿರಲಿಲ್ಲ. ಆಕಾಶ ತಿಳಿಯಾಗಿದ್ದ ದಿನ ದೂರದಲ್ಲಿ ವಿಜಾಪುರದ ಗುಮ್ಮಟ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತಿತ್ತು. ಮೊದಲು ಕಂಡವರು ಗೆದ್ದ ಹಾಗೆ. ಹಂಡ್ಯಾ ನಮ್ಮ ಸುತ್ತ ಓಡಿ ಓಡಿ ನಮ್ಮನ್ನೂ ಹತ್ತಿರ ಹತ್ತಿರ ಕೂಡಿಸಿ, ಆಮೇಲೆ ನನ್ನ ಪಾದದ ಮೇಲೆ ಗದ್ದ ಊರಿ ಕಣ್ಣು ಮುಚ್ಚುತ್ತಿತ್ತು. ನನ್ನ ಬಾಲ್ಯದಲ್ಲಿ ನನ್ನದು ಎಂದು ಇದ್ದದ್ದು ಆ ಮಡ್ಡಿಯ ದಿನಗಳು ಮಾತ್ರ. ವಿಜಾಪುರದ ಒಂದು ಮನೆತನದಿಂದ ನನ್ನನ್ನು ನೋಡಲು ಬರುವ ಮಾತು ಆಗಲೇ ನಡೆದಿತ್ತು. ಒಂದು ತಪ್ಪು ಮಾಡಿದರೂ ಅವ್ವ ನನ್ನನ್ನು ಹೊಸ್ತಿಲು ದಾಟಗೊಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮಾರನೆಯ ವರ್ಷ ಹಿಂಗಾರಿ ಬಿತ್ತುವ ಹೊತ್ತು. ತಿಕೋಟಾದಲ್ಲಿದ್ದ ನಮ್ಮ ಸೋದರಮಾವ ಗಾಡಿ ಹೂಡಿಕೊಂಡು ವಿಜಾಪುರಕ್ಕೆ ಹೊರಟವನು ನಿಂಗೂನನ್ನು ಕರೆದುಕೊಂಡು ಹೋದ. ಹಂಡ್ಯಾನಿಗೆ ಹಿತ್ತಾಳೆಯ ಗೆಜ್ಜೆ ತರುತ್ತೇನೆ ಎಂದು ನಿಂಗೂ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಅಪ್ಪನಿಗೆ ಚಳಿಜ್ವರ ಬಂದು ಕಟ್ಟೆಯ ಮೇಲೆ ಮುಸುಕು ಹಾಕಿ ಮಲಗಿದ್ದ. ದನ ಯಾರು ಕಾಯಬೇಕು? "ನಾ ಹೋಗತೇನಿ ಬೇ. ಹಂಡ್ಯಾ ಇರತೈತಲ್ಲ" ಎಂದೆ. ಅವ್ವ ಬುತ್ತಿ ಕಟ್ಟಿ ನನ್ನ ಕೈಗಿಟ್ಟಳು. "ಹೆಣ್ಣ ಹುಡುಗಿ ಒಬ್ಬಾಕಿನ್ನ ಮಡ್ಡಿಗೆ ಕಳಿಸ್ಯಾಳ ಅಂತ ನಾಳೆ ಯಾರರ ಅಂದ್ರ ನನ್ನ ಮುಖಾ ಉಳೀಬೇಕ ನೋಡ ಕಾಶೀ" ಎಂದಳು. ಬಿಟ್ಟಳು. ಅಷ್ಟು ದೊಡ್ಡ ಮಾತು ನನ್ನ ಮೇಲೆ ಹೊರಿಸಿ ಬಿಟ್ಟಳು.

ಹೊಳೆಯ ಆಚೆ, ಮಡ್ಡಿಯ ಬುಡದಲ್ಲಿ, ಹುಸೇನಸಾಬ ಕಾಕಾನ ಶೇಂಗಾದ ಹೊಲ. ಅವನ ಮಗಳು ಜೈತೂನ ನನ್ನ ಗೆಳತಿ. ಅಂದು ಅವರು ಶೇಂಗಾ ಕೀಳುತ್ತಿದ್ದರು. ನಾವಿಬ್ಬರೂ ಒಣ ಕಸ ಕೂಡಿಸಿ, ಹಸಿ ಶೇಂಗಾ ಬಳ್ಳಿ ಸಮೇತ ಸುಟ್ಟು, ಬೂದಿಯೊಳಗಿನಿಂದ ಹೆಕ್ಕಿ ಹೆಕ್ಕಿ ತಿಂದೆವು. ಬಾಯಿ, ಕೈ ಎಲ್ಲ ಕರ್ರಗಾಯಿತು. ಮಾತು ಮುಗಿಯಲಿಲ್ಲ. ದನಗಳನ್ನು ಹಂಡ್ಯಾ ನೋಡಿಕೊಳ್ಳುತ್ತಿತ್ತು, ನಾನು ತಲೆಯೆತ್ತಿ ನೋಡಿರಲಿಲ್ಲ. ಹೊತ್ತು ಇಳಿದು, ಪಡುವಣಕ್ಕೆ ಮೋಡ ಕಟ್ಟಿ, ನಾಲ್ಕು ದಪ್ಪ ಹನಿ ಬಿದ್ದಾಗ ಎದ್ದು ಓಡಿದೆ. ಕೂಗಿ ದನ ಹೊಡೆದುಕೊಂಡು ಹೊಳೆಗೆ ಇಳಿದೆ. ದಾಟುವ ಜಾಗದಲ್ಲಿ ಹಂಡ್ಯಾ ನೀರಿಗೆ ಇಳಿಯಲಿಲ್ಲ. ತಿರುಗಿ ಮೇಲ್ದಂಡೆಯ ಕಡೆ ನೋಡಿತು, ನನ್ನ ಕಡೆ ನೋಡಿತು, ನಾಲ್ಕು ಹೆಜ್ಜೆ ಹಿಂದೆ ಓಡಿ ಮತ್ತೆ ಬಂದು ಕುಂಯಿಗುಟ್ಟಿತು. ಏನೋ ಹಿಂದೆ ಉಳಿದಿದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಿತೋ ಏನೋ, ಇಷ್ಟು ವರ್ಷಗಳಾದ ಮೇಲೆ ಗಟ್ಟಿಯಾಗಿ ಹೇಳಲಾರೆ. ತಡವಾದರೆ ಅವ್ವ ಬೈಯುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಒಂದು ಹೆಂಟೆ ತೆಗೆದು ಹಂಡ್ಯಾನ ಬೆನ್ನಿಗೆ ಒಗೆದೆ. ಅದು ಬಾಲ ಮುದುಡಿಕೊಂಡು ನನ್ನ ಹಿಂದೆ ಬಂತು.

ಮನೆಯಲ್ಲಿ ಕತ್ತಲಾಗಿತ್ತು. ಒಂದೊಂದೇ ದನಕ್ಕೆ ಕಣ್ಣಿ ಬಿಗಿಯುತ್ತ ಮೂಲೆಗೆ ಹೋದೆ. ಚಂದ್ರಿ ಇರಲಿಲ್ಲ. ಗೂಟ ಮುಟ್ಟಿ ನೋಡಿದೆ, ಹಗ್ಗ ಸುಮ್ಮನೆ ಬಿದ್ದಿತ್ತು. ಮೇಲಿನಿಂದ ಅಪ್ಪ ಜ್ವರದ ದನಿಯಲ್ಲಿ ಕೇಳಿದ, "ಎಲ್ಲಾ ಬಂದಾವೇನ ಯವ್ವಾ?" ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು, "ಬಂದಾವ ಅಪ್ಪಾ. ಎಲ್ಲಾ ಕಟ್ಟೇನಿ."

ಹಂಡ್ಯಾ ಆಗಲೇ ಗೂಟಗಳನ್ನು ಮೂಸುತ್ತ ಬರುತ್ತಿತ್ತು. ಮೂಲೆಗೆ ಬಂದು ನಿಂತು ಬೊಗಳತೊಡಗಿತು. ನಾನು ಗದರಿಸಿದೆ. ಬಾಯಿ ಹಿಡಿದೆ. ಕೊಸರಿಕೊಂಡು ಮತ್ತೆ ಬೊಗಳಿತು. "ಅದ್ಯಾಕ ಹಂಗ ಒದರಾಕತ್ತೈತಿ ನೋಡ ಕಾಶೀ, ಕಂದೀಲ ತಗೊಂಡ ಹೋಗ" ಎಂದ ಅಪ್ಪ. ಅವ್ವ ರೊಟ್ಟಿ ಬಡಿಯುವ ಕೈಯಲ್ಲೇ ಕಂದೀಲು ಹಚ್ಚಿ ಕೊಟ್ಟಳು. ಆ ಬೆಳಕನ್ನು ಹಿಡಿದು ನಾನು ಖಾಲಿ ಗೂಟದ ಮುಂದೆ ನಿಂತೆ. ಬೆಳಕಿನಲ್ಲಿ ಹಂಡ್ಯಾನ ಕಣ್ಣು ಹಸಿರಾಗಿ ಹೊಳೆಯುತ್ತಿತ್ತು. ಅದು ಗೂಟವನ್ನು ನೋಡಿತು, ನನ್ನನ್ನು ನೋಡಿತು. ತಿರುಗಿ ಬಂದು, "ಹೆಗ್ಗಣ ಹೊಕ್ಕೈತಿ ಅಪ್ಪಾ, ಬಿಲಾ ಕಂಡೈತಿ ಅದಕ್ಕ" ಎಂದು ಹೇಳಿ ಕಂದೀಲು ಆರಿಸಿದೆ. ಬೊಗಳುವುದು ನಿಲ್ಲಲಿಲ್ಲ. ಅಪ್ಪನಿಗೆ ತಲೆ ಸಿಡಿಯುತ್ತಿತ್ತು. "ಹೊರಗ ಕಟ್ಟ ಅದನ್ನ" ಎಂದ. ಪುಂಡಿ ನಾರಿನ ಹಗ್ಗ ತಂದು ಹಂಡ್ಯಾನನ್ನು ಬಣಿವೆಯ ಬದಿಯ ಬೇವಿನ ಗಿಡಕ್ಕೆ ನಾನೇ ಕಟ್ಟಿದೆ. ಆಯಿ ಹೊಸ್ತಿಲಲ್ಲಿ ಕೂತು ಎಲೆ ಮೆಲ್ಲುತ್ತ ಪಡುವಣ ಕಡೆ ನೋಡುತ್ತಿದ್ದಳು. "ಜತ್ತಿನ ಕಡೆ ಆಗಿಂದ ಮಿಂಚಾಕತ್ತೈತಿ. ಅಲ್ಲಿ ಭಾಳ ಹೊಡದೈತಿ ಮಳಿ. ನಸೀಕಿಗೆ ಡೋಣಿ ತುಂಬಿ ಬರತಾಳ ನೋಡ" ಎಂದಳು. ಈ ಮಾತನ್ನು ನಾನು ಕೇಳಿದೆ. ಸ್ಪಷ್ಟವಾಗಿ ಕೇಳಿದೆ. ಅದನ್ನೇ ಬರೆಯಬೇಕೆಂದು ಇಷ್ಟು ದೂರ ಬಂದಿದ್ದೇನೆ.

ನಸುಕಿನಲ್ಲಿ ಎದ್ದೆ. ಎಲ್ಲರೂ ಮಲಗಿದ್ದರು. ನನ್ನ ಲೆಕ್ಕ ಸರಳವಾಗಿತ್ತು. ಅಪ್ಪ ಏಳುವುದರೊಳಗೆ ಹಂಡ್ಯಾ ಚಂದ್ರಿಯನ್ನು ತಿರುವಿಕೊಂಡು ಬಂದರೆ ಗೂಟಕ್ಕೆ ಕಟ್ಟಿಬಿಡುವುದು, ಏನೂ ಆಗಿಲ್ಲ. ಹಗ್ಗ ಬಿಚ್ಚಿದೆ. ಅದು ನನ್ನ ಕೈ ಒಂದು ಸಲ ನೆಕ್ಕಿ, ಬಾಣದ ಹಾಗೆ ಹೊಳೆಯ ಕಡೆ ಹೋಯಿತು. ನಾನೂ ಹಿಂದೆ ಓಡಿದೆ. ದಂಡೆ ಮುಟ್ಟುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ನೀರು ಹಿಂದಿನ ಸಂಜೆಗಿಂತ ಏರಿತ್ತು, ಕೆಂಪಾಗಿ ಕಸಕಡ್ಡಿ ಹೊತ್ತು ಹರಿಯುತ್ತಿತ್ತು. ಹಂಡ್ಯಾ ಆಗಲೇ ಆಚೆ ದಂಡೆ ಸೇರಿತ್ತು. ಸ್ವಲ್ಪ ಹೊತ್ತಿಗೆ ಜಾಲಿಗಿಡಗಳ ಮರೆಯಿಂದ ಚಂದ್ರಿಯನ್ನು ಮುಂದೆ ಮಾಡಿಕೊಂಡು ಬಂತು. ದಂಡೆಯ ಮೇಲೆ ತಾನಾಗಿಯೇ ತರುಬಿ ನಿಲ್ಲಿಸಿತು. ನೀರು ನೋಡಿ ನಿಂತಿತು. ಅದಕ್ಕೆ ನನಗಿಂತ ಹೆಚ್ಚು ತಿಳಿದಿತ್ತು. ನಾನು ಸುಮ್ಮನಿದ್ದಿದ್ದರೆ ಅದು ಅಲ್ಲೇ ಚಂದ್ರಿಯನ್ನು ಕಾಯುತ್ತ ಎರಡು ದಿನವಾದರೂ ಕೂತಿರುತ್ತಿತ್ತು. ನಾನು ಎರಡೂ ಕೈ ಬಾಯಿಗೆ ಹಚ್ಚಿ, ನಿಂಗೂ ಕೂಗುವ ಹಾಗೆಯೇ ಕೂಗಿದೆ: "ತಿರುವಲೇ ಹಂಡ್ಯಾ, ತಿರುವು!"

ಅದು ಒಂದು ಸಲ ನನ್ನ ಕಡೆ ನೋಡಿತು. ನಾನು ಮತ್ತೆ ಕೂಗಿದೆ. ಚಂದ್ರಿಯ ಹಿಂಗಾಲಿಗೆ ಮೂಗು ಹಚ್ಚಿ ನೀರಿಗೆ ಇಳಿಸಿತು. ಇಳಿಸಿ, ಯಾವಾಗಲೂ ಹೋಗುವ ಹಾಗೆ ಕೆಳಬದಿಗೆ ಹೋಯಿತು. ಚಂದ್ರಿಗೆ ಎದೆಮಟ್ಟ ನೀರು ಬಂದಾಗ ಮೇಲಿನಿಂದ ಗಾಡಿಗಳು ಉರುಳಿ ಬಂದ ಹಾಗೆ ಸದ್ದು ಮಾಡುತ್ತ ತುಂಬು ನೀರು ಬಂತು. ಮಣಕ ಹೆದರಿ ಹೊರಳಿ, ಮುಗ್ಗರಿಸಿ, ಹಂಡ್ಯಾನ ಮೈಮೇಲೆ ಭಾರ ಹಾಕಿ ಎದ್ದು, ಬಂದ ದಂಡೆಯನ್ನೇ ಹತ್ತಿತು. ಅದನ್ನು ಎತ್ತಿ ಹಿಡಿದ ನಾಯಿಯನ್ನು ನೀರು ಹಿಡಿದುಕೊಂಡಿತು. ಕರಿ ಪಟ್ಟೆಯ ತಲೆ ಒಂದೆರಡು ಸಲ ಕಂಡಿತು. ಮುಖ ನನ್ನ ಕಡೆಗೇ ಇತ್ತು. ಆಮೇಲೆ ಕಸ, ನೊರೆ, ಕೆಂಪು ನೀರು.

ಮನೆಗೆ ಬಂದು ಹಾಸಿಗೆಯಲ್ಲಿ ಮಲಗಿದೆ. ಬೆಳಗಾದಮೇಲೆ ಖಾಲಿ ಗೂಟ ಎಲ್ಲರ ಕಣ್ಣಿಗೂ ಬಿತ್ತು. ಕಣ್ಣಿ ಜಾರಿಸಿಕೊಂಡು ಹೋಗಿದೆ ಎಂದು ಅವ್ವನೇ ಹೇಳಿದಳು. ಅದರ ಚಟ ಎಲ್ಲರಿಗೂ ಗೊತ್ತಿದ್ದದ್ದೇ. ಹೊಳೆಯ ಆಚೆಯಿಂದ ಹುಸೇನಸಾಬ ಕಾಕಾ ಕೂಗಿ ಹೇಳಿದ, "ನಿಮ್ಮ ಮಣಕ ನಮ್ಮ ಹೊಲದಾಗ ಐತ್ರೀ, ಕಟ್ಟೇನಿ, ಚಿಂತಿ ಮಾಡಬ್ಯಾಡ್ರಿ!" ನಾಯಿಯನ್ನು ಅವನು ಕಂಡಿರಲಿಲ್ಲ. ಅಪ್ಪ ಜ್ವರದಲ್ಲೇ ದಂಡೆಗೆ ಹೋಗಿ, ಕೆಸರಿನಲ್ಲಿ ಹೆಜ್ಜೆ ಹುಡುಕಿ ತಿರುಗಿ ಬಂದು, ಮಣಕವನ್ನು ಉಳಿಸಲು ಹೋಗಿ ನಾಯಿ ಹೊಳೆಪಾಲಾಯಿತು ಎಂದ. ನನ್ನ ಹೆಜ್ಜೆಗಳನ್ನು ಏರಿದ ನೀರು ತೊಳೆದಿತ್ತು.

ಮಧ್ಯಾಹ್ನ ನಿಂಗೂ ಬಂದ. ಗಾಡಿ ಇನ್ನೂ ದೂರವಿರುವಾಗಲೇ ಗೆಜ್ಜೆಯ ಸದ್ದು ಕೇಳಿಸಿತು. ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತ ಬರುತ್ತಿದ್ದ. ಅಪ್ಪ ಹೇಳಿದ. ನಿಂಗೂ ಅಳಲಿಲ್ಲ. ಹೊಳೆಯ ಗುಂಟ ಕತ್ತಲಾಗುವ ತನಕ ಹೋಗಿ ಬಂದ, ಮರುದಿನ ಸಾರವಾಡದ ಹತ್ತಿರದವರೆಗೂ ನಡೆದು ಬಂದ. ಏನೂ ಸಿಗಲಿಲ್ಲ. ಬಂದವನು ಬೇವಿನ ಗಿಡದ ಬುಡದಲ್ಲಿ ಬಿದ್ದಿದ್ದ ಹಗ್ಗ ಎತ್ತಿಕೊಂಡ. ತುದಿಯನ್ನು ಬೆರಳಿನಿಂದ ಸವರಿ ಸವರಿ ನೋಡಿದ. ಕಡಿದ ಗುರುತಿರಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಕ್ಕಾ, ಹಗ್ಗ ನೀ ಬಿಚ್ಚಿದೇನ?"

ನಾನು ಹೌದೆಂದು ತಲೆಯಾಡಿಸಿದೆ. ಈಗ ಎಲ್ಲ ಗೊತ್ತಾಗಿಹೋಯಿತು ಎಂದುಕೊಂಡೆ. ಆಗ ಅವನ ಕಣ್ಣಿನಲ್ಲಿ ಮೊದಲ ಸಲ ನೀರು ಬಂತು. "ಛಲೋ ಮಾಡಿದಿ" ಎಂದ. "ಇಷ್ಟ ಮಂದಿ ಇದ್ರೂ ಅದು ಯಾಕ ಒದರಾಕತ್ತೈತಿ ಅಂತ ನಿನಗೊಬ್ಬಾಕಿಗೆ ತಿಳೀತು ನೋಡ. ನೀ ಬಿಡದಿದ್ರ ಚಂದ್ರಿ ಉಳೀತಿರಲಿಲ್ಲ."

ಅವನು ನನಗೆ ಕೊಟ್ಟ ಆ ಮಾತನ್ನು ನಾನು ತೆಗೆದುಕೊಂಡೆ. ಮುಂದಿನ ವರ್ಷ ನನ್ನ ಲಗ್ನವಾಗಿ ವಿಜಾಪುರಕ್ಕೆ ಬಂದೆ. ಆಮೇಲೆ ಎಂದೂ ಮಡ್ಡಿ ಹತ್ತಲಿಲ್ಲ. ಚಂದ್ರಿ ಮುಂದೆ ಎಷ್ಟೋ ಕರು ಹಾಕಿತು, ಗೆಜ್ಜೆ ಅದರ ಮೊದಲ ಕರುವಿನ ಕೊರಳಿಗೆ ಹೋಯಿತು. ನಿಂಗೂ ಮತ್ತೆ ನಾಯಿ ಸಾಕಲಿಲ್ಲ. ಬದುಕಿರುವಷ್ಟು ದಿನವೂ ಪಂಚಮಿಗೆ ನನ್ನನ್ನು ಕರೆಯಲು ಬರುತ್ತಿದ್ದ. ನನ್ನ ಮನೆಯವರ ಮುಂದೆ, ನನ್ನ ಸೊಸೆಯರ ಮುಂದೆ, ಹಂಡ್ಯಾನ ಕಥೆ ಹೇಳುತ್ತಿದ್ದ. ಕೊನೆಗೆ, "ನಮ್ಮಕ್ಕನಂಗ ಮೂಕ ಜೀವದ ಮಾತ ತಿಳಕೊಳ್ಳಾವರು ಯಾರದಾರ" ಎಂದು ಮುಗಿಸುತ್ತಿದ್ದ. ಒಂದು ಸಲ, ಅವನು ಹಾಸಿಗೆ ಹಿಡಿದಮೇಲೆ, ಇಬ್ಬರೇ ಇದ್ದಾಗ, "ನಿಂಗೂ, ಆವತ್ತ…" ಎಂದು ಬಾಯಿ ತೆರೆದೆ. ಅವನು ನನ್ನ ಕೈ ಹಿಡಿದು, "ಹಂಡ್ಯಾನ ನೆನಪಾತೇನ?" ಎಂದು ನಕ್ಕ. ಹೌದು ಎಂದೆ. ಅಷ್ಟೇ ಎಂದೆ.

ದಿನಕರ್ಮದ ದಿನ ಅವನ ಮಗ ಅದೇ ಕಥೆಯನ್ನು ಅದೇ ಮಾತುಗಳಲ್ಲಿ ಹೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಸಂಜೆಗೆ ಮಳೆ ನಿಂತಿತು. ಬೀರಪ್ಪನ ಮೊಮ್ಮಗ ಕಂಬಳಿ ಕೊಡವಿಕೊಂಡು ಹೋದ, ಅದರ ಹಿಂದೆ ಆ ವಾಸನೆಯೂ ಹೋಯಿತು. ಹಳೆಯ ದನದ ಮನೆ ಈಗಿಲ್ಲ, ಆ ಜಾಗದಲ್ಲಿ ಸಿಮೆಂಟಿನ ನೆಲ, ಕಬ್ಬಿಣದ ಬಳೆಗಳು, ಎರಡು ಜರ್ಸಿ ಆಕಳು, ಮೇಲೊಂದು ಬಿಳಿ ದೀಪ. ನಿಂಗೂನ ಸೊಸೆ ಶಾಂತಾ ಮೇವು ಹಾಕಿ, ಕೈ ತೊಳೆದುಕೊಂಡು, ಬಾಗಿಲಿಗೆ ಕೈ ಹಚ್ಚಿ ನಿಂತು ಕೇಳಿದಳು, "ಅತ್ತಿ, ಎಲ್ಲಾ ಕಟ್ಟೇನ್ರಿ. ಬಾಗಲಾ ಹಾಕಲೇನ್ರಿ?"

ನಾನು ಹೊಸ್ತಿಲ ಕಡೆ ನೋಡಿದೆ. "ಒಂದೀಟ ತಡಿ ಯವ್ವಾ" ಎಂದೆ.